ಮತ್ತೆ ಕಲಸಿದ ಕಾಳು

ಹುರಳಿಕಾಳಿನ ಡಬ್ಬ ತೆರೆದಾಗ ಬರುವ ಒಣಮಣ್ಣಿನಂಥ ವಾಸನೆಗೆ ನನಗೆ ಇಂದಿಗೂ ಕವಲಂದೆಯ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಹೆರಿಗೆ ನೋವು ಬಂದಿದ್ದ ಅವ್ವನನ್ನು ಬೆಳಿಗ್ಗೆಯೇ ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ದಿದ್ದರು. ಪಕ್ಕದ ಮನೆಯ ಅಂಗನವಾಡಿ ಟೀಚರ್ ಜಯಕ್ಕ, ರಜೆಯಿದ್ದರೂ ನಮ್ಮ ಮನೆ ಎದುರಿನ ಅಂಗನವಾಡಿಯ ಬೀಗ ತೆಗೆದು, ನನ್ನನ್ನೂ ತಮ್ಮನನ್ನೂ ಒಳಗೆ ಕೂರಿಸಿಕೊಂಡರು. ಮೊರದಲ್ಲಿ ಹುರಳಿ, ಅವರೆ, ಅಲಸಂದೆ ಬೆರೆಸಿ ನಮ್ಮ ಮುಂದಿಟ್ಟರು.

"ಒಂದೇ ತರದ್ದೆಲ್ಲ ಒಂದ್ಕಡೆ ಹಾಕ್ಬೇಕು. ಆಮೇಲೆ ಯಾವ ಗುಡ್ಡೆ ದೊಡ್ದು ಅಂತ ಹೇಳ್ಬೇಕು, ಆಯ್ತಾ?"

ಚಪ್ಪಟೆ ಹುರಳಿ ನನ್ನ ಬೆರಳಿನಿಂದ ಜಾರುತ್ತಿತ್ತು. ತಮ್ಮ ಅಲಸಂದೆಯ ಕಪ್ಪು ಚುಕ್ಕೆ ಹುಡುಕಿ ಹುಡುಕಿ ಆರಿಸುತ್ತಿದ್ದ. ಅಷ್ಟರಲ್ಲಿ ಹೊರಗೆ ಆಂಬುಲೆನ್ಸ್ ನಿಂತ ಸದ್ದಾಯಿತು. ಅದರ ಹಿಂದೆಯೇ ಅಜ್ಜಿ ಕೂಗಿಕೊಂಡಿದ್ದು ಕೇಳಿಸಿತು. ಜಯಕ್ಕ ಎದ್ದು ಹೋಗಿ ಬಾಗಿಲು ಮುಚ್ಚಿದರು.

"ಅವ್ವ ಬಂದ್ಲಾ?" ಎಂದೆ.

"ಬಂದವ್ಳೆ ಕಣ್ ಮಗಾ. ಮಲಗವ್ಳೆ."

"ಮುಗೀತು! ಅವರೇದೇ ದೊಡ್ದು!" ಎಂದು ತಮ್ಮ ಚಪ್ಪಾಳೆ ತಟ್ಟಿದ. "ಅವ್ವನ್ ತಾವ್ಕೆ ಓಗನಾ?"

ಜಯಕ್ಕ ಅವನ ತಲೆ ಸವರಿದರು. ಆಮೇಲೆ ಗುಡ್ಡೆಗಳನ್ನೆಲ್ಲ ಎರಡೂ ಕೈಯಲ್ಲಿ ಎಳೆದು ಮೊರದೊಳಗೆ ಮತ್ತೆ ಕಲಸಿಬಿಟ್ಟರು.

"ಇನ್ನೊಂದ್ಸಲ ಮಾಡಿ ಮಕ್ಳಾ," ಎಂದರು.

ಹೊತ್ತು ಇಳಿಯುವ ತನಕ ಆರಿಸಿದೆವು. ಆಮೇಲೆ ಅಪ್ಪ ಬಂದು, ತಮ್ಮನನ್ನು ಎತ್ತಿಕೊಂಡು, ನನ್ನ ಕೈ ಹಿಡಿದು ಮನೆಗೆ ಕರೆದೊಯ್ದ. ಜಗುಲಿಯ ಮೇಲೆ, ಹಣೆ ತುಂಬ ಕುಂಕುಮ ಬಳಿದು, ಅವ್ವನನ್ನು ಮಲಗಿಸಿದ್ದರು. ತಮ್ಮ ಅಪ್ಪನ ತೋಳಿನಿಂದ ಜಾರಿ ಇಳಿದು ಅವಳ ಕೆನ್ನೆ ತಟ್ಟಿದ.

"ಏಳವ್ವಾ."

ಅಲ್ಲಿದ್ದ ಯಾರೂ ಅವನನ್ನು ತಡೆಯಲಿಲ್ಲ.