ಹೊಳೆ ಬೇಡವೆಂದ ನಲವತ್ತು ದಿನ

ದಿನಚರಿಯಲ್ಲಿ ಪದ್ಮಾಕ್ಷಿ ಬರೆದು ಹೊಡೆದುಹಾಕಿದ್ದು ಒಂದೇ ಸಾಲು: ನನಗೆ ಕಿವಿ ಮಂದವಾಯಿತೋ, ಹೊಳೆಯೇ ಮಾತು ಬಿಟ್ಟಿತೋ?

ಹೊಳೆಗೆ ಮಾತು ಬಂದು ಹತ್ತು ವರ್ಷವಾಗಿತ್ತು. ದಿನವೂ ಉಬ್ಬರ ಇಳಿದ ಹೊತ್ತಿಗೆ ಅದನ್ನು ಕೇಳಬೇಕು. ಅದು ಒಪ್ಪಿದರೆ ಮಾತ್ರ ಹೆಂಗಸರು ನೀರಿಗಿಳಿದು ಅಡುಗೆಗೆ ಬಳಚು ಚಿಪ್ಪು ಹೆಕ್ಕಬೇಕು. ಪದವೀಧರೆ, ಮಾತು ಕಡಿಮೆ ಎಂಬ ಕಾರಣಕ್ಕೆ ಹೊಳೆಯ ಮಾತು ಕೇಳಿ ಊರಿಗೆ ಹೇಳುವ ಕೆಲಸ ಪದ್ಮಾಕ್ಷಿಗೆ ಸಿಕ್ಕಿತ್ತು. ನಲವತ್ತು ದಿನದ ಹಿಂದೆ ಮೊದಲ ಸಲ ಏನೂ ಕೇಳಿಸದಿದ್ದಾಗ, ಅಷ್ಟು ಜನರೆದುರು ನಾಚಿ, “ಇವತ್ತು ಬೇಡವಂತೆ” ಎಂದುಬಿಟ್ಟಿದ್ದಳು. ಆಮೇಲೆ ದಿನವೂ ಸದ್ದಿಲ್ಲ; ಆ ಮಾತು ಬದಲಿಸುವ ಧೈರ್ಯವೂ ಬರಲಿಲ್ಲ.

ಇಂದೂ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಕಿವಿಗೊಟ್ಟಳು. ಸದ್ದಿಲ್ಲ. ಪಾದದಡಿ ಬಳಚು ಒತ್ತೊತ್ತಾಗಿ ಚುಚ್ಚುತ್ತಿತ್ತು.

ದಡದಲ್ಲಿ ಖಾಲಿ ಬುಟ್ಟಿ ಹಿಡಿದ ಬೀರಮ್ಮ ಕೂಗಿದಳು: “ಎಂತ ಅಂತದ್ಯೇ ತಂಗಿ ನಿನ್ನ ಹೊಳೆ? ಇವತ್ತೂ ಮುನಿಸಾ? ಮನೇಲಿ ಬಸುರಿ ಸೊಸೆ ಬರೀ ಗಂಜಿ ಉಣ್ತದೆ ಅಂತ ಹೇಳೇ ಅದ್ಕೆ.”

ಪದ್ಮಾಕ್ಷಿ ಇನ್ನಷ್ಟು ಬಗ್ಗಿ ನೀರಿಗೆ ಕಿವಿ ಹಚ್ಚಿದಳು. ಬೀರಮ್ಮನೇ ಕೆಳಗಿಳಿದು ಬಂದು, ಜ್ವರದ ಮಗುವಿನ ಹಣೆ ಮುಟ್ಟುವಂತೆ ನೀರು ಮುಟ್ಟಿದಳು.

“ಹೋಗ್ಲಿ ಬಿಡು, ಒತ್ತಾಯ ಮಾಡ್ಬೇಡ. ಅದ್ಕೂ ಎಂತ ಕಷ್ಟವೋ.”

“ಹೊಳೆ ಏನೂ ಹೇಳ್ಲಿಲ್ಲ ಬೀರಕ್ಕ,” ಎಂದಳು ಪದ್ಮಾಕ್ಷಿ. “ಬೇಡ ಅಂದದ್ದು ನಾನು.”