ಫಿಟ್ಟರ್ ಸಣ್ಣಪ್ಪನ ಅಪೀಲು

ಧಾರವಾಡದ ವಕೀಲ ಮಡಿವಾಳೆಪ್ಪನವರು ಅಪೀಲು ಹಿಡಿಯಲು ಆಗುವುದಿಲ್ಲವೆಂದು ಎರಡು ಸಲ ಹೇಳಿಯಾಗಿತ್ತು. ಗುರವ್ವ ಕಟ್ಟೆ ಬಿಟ್ಟು ಏಳಲಿಲ್ಲ. ಸೆರಗನ್ನು ಹಣೆಯ ತನಕ ಎಳೆದುಕೊಂಡು ನೆಲ ನೋಡುತ್ತ ಕುಳಿತೇ ಇದ್ದಳು.

ಆದದ್ದು ಇಷ್ಟು. ಎಂಬತ್ಮೂರರ ಹತ್ತಿ ಸುಗ್ಗಿಯಲ್ಲಿ, ಅಣ್ಣಿಗೇರಿಯ ಒಂದು ಅರಳೆ ಮಿಲ್ಲಿನಲ್ಲಿ, ಯಂತ್ರದ ಓಡುವ ಪಟ್ಟಾಕ್ಕೆ ಧೋತರ ಸಿಕ್ಕಿ ಈರಬಸಪ್ಪನೆಂಬ ಕೆಲಸಗಾರ ಸತ್ತ. ಪಟ್ಟಾಕ್ಕೆ ಇರಬೇಕಾದ ಕಬ್ಬಿಣದ ಜಾಲರಿ ಇರಲಿಲ್ಲ. ಬಿಚ್ಚಿದವನು ಫಿಟ್ಟರ್ ಸಣ್ಣಪ್ಪ. ಯಾರನ್ನೂ ಕೇಳದೆ ಬಿಚ್ಚಿದನೆಂದು ಮ್ಯಾನೇಜರ್ ಸಾಕ್ಷಿ ನುಡಿದ. ಕೆಳಗಿನ ಕೋರ್ಟು ನಂಬಿ ಶಿಕ್ಷೆ ಕೊಟ್ಟಿತು. ಜಾಮೀನಿಗೆ ಯಾರೂ ನಿಲ್ಲದೆ ಸಣ್ಣಪ್ಪ ಜೈಲು ಸೇರಿದ್ದ.

"ಮ್ಯಾನೇಜರನ ಬಿಚ್ಚಿಸ್ಯಾನ್ರಿ," ಎಂದಳು ಗುರವ್ವ. "ಅರಳಿ ಸಿಕ್ಕೊಂಡಾಗೊಮ್ಮೆ ಜಾಲರಿ ತಗದು ಹಾಕೂದು ತಡಾ ಆಗತೈತಿ ಅಂತ. ಒಲ್ಲೆ ಅಂದ್ರ ಕೆಲಸಾ ಬಿಡು ಅಂದಾನ."

ನಿನಗೆ ಹೇಗೆ ಗೊತ್ತೆಂದು ವಕೀಲರು ಕೇಳಿದರು.

"ನಮ್ಮ ಮನಿಯವ್ರು ಹೇಳತಿದ್ರು. ಒಂದಿನ ಯಾರರ ಸಾಯ್ತಾರ ಅಂತಿದ್ರು."

ಆ ಮಾತಿಗೆ ಮಡಿವಾಳೆಪ್ಪನವರು ಕರಗಿದರು. ವಕಾಲತ್ತಿಗೆ ಸಹಿ ಹಾಕಿಸಲು ಜೈಲಿಗೆ ಹೋದಾಗ, ಗುರವ್ವನೇ ಓಡಾಡುತ್ತಿದ್ದಾಳೆಂದು ಹೇಳಿದರು. ಸಣ್ಣಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವಳಿಗೆ ಮುಖ ತೋರಿಸಲಾರೆ ಎಂದು ಅತ್ತ. ಹೆಂಗಸನ್ನು ಬೀದಿಗೆ ತಂದ ಗಂಡಸಿನ ಸಂಕಟವೆಂದು ವಕೀಲರು ತಿಳಿದರು.

ಮ್ಯಾನೇಜರನ ಅಪ್ಪಣೆಯನ್ನು ಕಿವಿಯಾರೆ ಕೇಳಿದವರೊಬ್ಬರು ಬೇಕಿತ್ತು. ಗುರವ್ವ ಮಿಲ್ಲಿನ ಹೆಂಗಸರ ಮನೆಮನೆಗೆ ಹೋದಳು. ಕೆಲವರು ಬಾಗಿಲು ಹಾಕಿಕೊಂಡರು. ನಿನಗೆ ನಾಚಿಕೆಯಿಲ್ಲವೇ ಎಂದು ಒಬ್ಬಳು ಕೇಳಿಯೇಬಿಟ್ಟಳು. ಜೈಲಿನಲ್ಲಿರುವವನ ಸಲುವಾಗಿ ಓಡಾಡುವವಳು ಈ ಹೊಸ್ತಿಲು ತುಳಿಯಕೂಡದೆಂದು ಭಾವ ಅವಳ ಗಂಟನ್ನು ಹೊರಗಿಟ್ಟ. ಅವಳು ತವರು ಸೇರಿದಳು. ಕೊನೆಗೆ, ಅರಳೆ ಗುಡಿಸುವ ಜುಲೇಖಾಬಿ ಕೋರ್ಟಿನಲ್ಲಿ ನಿಜ ಹೇಳಲು ಒಪ್ಪಿದಳು. ಮೇಲಿನ ಕೋರ್ಟು ಅವಳ ಹೇಳಿಕೆಯನ್ನೂ ತೆಗೆದುಕೊಂಡಿತು.

ವಾದದ ಹಿಂದಿನ ದಿನ ಮಡಿವಾಳೆಪ್ಪನವರಿಗೆ ಒಂದೇ ಚಿಂತೆ.

"ಸತ್ತಾವನ ಹೇಣ್ತಿ ನಾಳೆ ಬಂದು ಅತ್ತಳಂದ್ರ, ನಮ್ಮ ಮಾತು ಯಾರೂ ಕೇಳಂಗಿಲ್ಲ ನೋಡವಾ."

ಗುರವ್ವ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು.

"ಅಕಿ ಅಳೂದಿಲ್ರಿ."

ವಕೀಲರು ಅಂಜಿದಂತೆಯೇ ಆಯಿತು. ಸರ್ಕಾರಿ ವಕೀಲರು ಜುಲೇಖಾಬಿಯ ಮಾತನ್ನು ತಳ್ಳಿಹಾಕಿ, ಕಟಕಟೆಯಲ್ಲಿದ್ದ ಸಣ್ಣಪ್ಪನತ್ತ ಕೈ ಮಾಡಿದರು. ಈ ಮನುಷ್ಯನಿಂದ ಒಬ್ಬ ಹೆಣ್ಣುಮಗಳ ಕುಂಕುಮ ಅಳಿಸಿತು, ಇವನನ್ನು ಬಿಟ್ಟರೆ ಅವಳಿಗೆ ನ್ಯಾಯವೆಲ್ಲಿ ಎಂದರು. ಸಣ್ಣಪ್ಪ ತಲೆ ಎತ್ತಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು, ಈರಬಸಪ್ಪನ ಹೆಂಡತಿ ಬಂದಿದ್ದಾಳೆಯೇ ಎಂದು ಕೇಳಿದರು.

ಮಡಿವಾಳೆಪ್ಪನವರ ಹಿಂದಿನ ಬೆಂಚಿನಿಂದ ಗುರವ್ವ ಎದ್ದು ನಿಂತಳು. "ನಾನ ರೀ ಸಾಹೇಬ್ರ. ಸಣ್ಣಪ್ಪನ್ನ ಬಿಡ್ರಿ."