ಫ್ಲಾಸ್ಕಿನ ಬಿಸಿನೀರು

“ತಣ್ಣಗಾಗುತ್ತೆ ಅಂತ ಚಾರ್ಟಿನಲ್ಲಿ ಬರೆದಿದ್ದೀಯ. ಇದು ಬೆಚ್ಚಗಿದೆಯಲ್ಲಮ್ಮ!” ಎಂದರು ವಿಜ್ಞಾನ ಪ್ರದರ್ಶನದ ತೀರ್ಪುಗಾರ ನಾಗಭೂಷಣ್ ಮೇಷ್ಟ್ರು, ಸ್ಟೀಲ್ ಚೊಂಬಿನ ಮೇಲೆ ಕೈಯಿಟ್ಟು.

ಮೇಜಿನ ಪಕ್ಕದಲ್ಲಿ ನಿಂತಿದ್ದ ದೊಡ್ಡರಂಗಪ್ಪ ಮೇಜಿನ ಮೇಲಿದ್ದ ಫ್ಲಾಸ್ಕಿನತ್ತ ನೋಡಿದ. ತಪ್ಪು ಅವನದೇ. ಬುಕ್ಕಾಪಟ್ಟಣದಿಂದ ಬಂದು ಶಿರಾದಲ್ಲಿ ಬಸ್ಸಿಳಿದಾಗ ಮಗಳು ಮಧುಶ್ರೀ ಟೀ ಫ್ಲಾಸ್ಕು ಕೊಟ್ಟು, “ಯೂರಿಯಾ ಕರಗ್ಸಾಕೆ ನೀರು ತುಂಬ್ಕಂಡು ಬಾರಪ್ಪ” ಎಂದಿದ್ದಳು. ಕುರಿಗಳಿಗೆ ಬೆಲ್ಲದ ನೀರು ಕಲಸುವಾಗಲೆಲ್ಲ ಬಿಸಿನೀರೇ ಬಳಸಿ ರೂಢಿಯಾದ ಜೀವ ಅದು. ಬೇಗ ಕರಗಲಿ ಪಾಪ ಎಂದು ಹೋಟೆಲಿನವನನ್ನು ಕಾಡಿಬೇಡಿ ಬಿಸಿನೀರು ತಂದಿದ್ದ. ಮೇಷ್ಟ್ರು ಬಂದರೆನ್ನುವ ಗಡಿಬಿಡಿಯಲ್ಲಿ ಯೂರಿಯಾ ಹಾಕಿಟ್ಟಿದ್ದ ಚೊಂಬಿಗೆ ತಾನೇ ಸುರಿದೂ ಬಿಟ್ಟಿದ್ದ.

ಪಿಯುಸಿ ಮುಗಿದ ಮೇಲೆ ಇವಳನ್ನು ತುಮಕೂರಿಗೆ ಬಿಎಸ್ಸಿ ಓದಲು ಕಳಿಸುವ ಮಾತು ಬಂದಾಗಲೆಲ್ಲ ಅವನು “ನೋಡಾನ ಬುಡು” ಎಂದು ತಳ್ಳುತ್ತ ಬಂದಿದ್ದ. ಇವತ್ತು ನೋಡಲೆಂದೇ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಈ ವಿಜ್ಞಾನ ಪ್ರದರ್ಶನಕ್ಕೆ ಬಂದದ್ದು. ನೋಡಲು ಬಂದವನು ಮಗಳ ಕೆಲಸವನ್ನೇ ಕೆಡಿಸಿದೆನಲ್ಲ ಎಂದು ಕೈಕೈ ಹಿಸುಕಿಕೊಂಡ.

“ಸಾರ್, ತೆಪ್ಪು ನಂದು...” ಎಂದು ಬಾಯಿ ತೆಗೆದ.

“ಸುಮ್ಕಿರಪ್ಪ” ಎಂದಳು ಮಧುಶ್ರೀ. ಫ್ಲಾಸ್ಕಿನಲ್ಲಿ ಉಳಿದಿದ್ದ ನೀರಿಗೆ ಥರ್ಮಾಮೀಟರ್ ಅದ್ದಿ ಮೇಷ್ಟ್ರಿಗೆ ತೋರಿಸಿದಳು. ಆಮೇಲೆ ಅದನ್ನೇ ಚೊಂಬಿನೊಳಗೆ ಇಳಿಬಿಟ್ಟಳು. ಪಾದರಸ ಸರ್ರನೆ ಇಳಿಯಿತು. “ಚೊಂಬಿಗೆ ಹಾಕಿದ್ದೂ ಇದೇ ಬಿಸಿನೀರು ಸಾರ್, ಈಗ ತಾನೇ ಹಾಕಿದ್ದು. ಯೂರಿಯಾ ಕರಗ್ತಾ ಕರಗ್ತಾ ನೀರಿನ ಬಿಸಿ ನುಂಗೈತೆ. ಮಾಮೂಲಿ ನೀರಾಗಿದ್ರೆ ಚೊಂಬು ಜಿಲ್ ಅನ್ನೋದು.”

ಮೇಷ್ಟ್ರು ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. “ಆಯ್ತು. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬಿಸಿ ಹೊರಗೆ ಬರುತ್ತೆ, ಎಂಥಾಲ್ಪಿ, ಅಂದ್ರೆ ಒಳಗಿನ ಬಿಸಿಯ ಲೆಕ್ಕ, ಇಳಿಯುತ್ತೆ. ಅದು ತಾನಾಗಿ ನಡೆಯೋದು ಸರಿ. ಇದು ಬಿಸಿಯನ್ನ ಒಳಗೆ ಎಳ್ಕೊಳ್ತಾ ಇದೆ. ಹಂಗಿದ್ರೂ ಯಾರೂ ತಳ್ಳದೆ ಯಾಕೆ ನಡೀತು?”

ಮಧುಶ್ರೀ ಚಾರ್ಟಿನ ಮೇಲಿದ್ದ ಸೂತ್ರವನ್ನು ನೋಡಿದಳು. ಯಾಕೋ ಅದನ್ನು ಬಿಟ್ಟು ಅಪ್ಪನ ಕಡೆ ನೋಡಿದಳು.

“ನಮ್ಮ ಕುರಿ ರೊಪ್ಪ ಗುಡ್ಡದ ಬುಡದಾಗೈತೆ ಸಾರ್. ರಾತ್ರಿಯೆಲ್ಲ ಕುರಿಗಳು ಒತ್ತೊತ್ತಾಗಿ ನಿಂತಿರ್ತವೆ, ಯೂರಿಯಾ ಹರಳಿನೊಳಗಿನ ಕಣಗಳಂಗೆ. ಬೆಳಗ್ಗೆ ತಡಿಕೆ ಬಾಗ್ಲು ತೆಗೆದ್ರೆ ಸಾಕು, ಎದುರಿಗೆ ಏರು ಇದ್ರೂ ಹತ್ಕಂಡು ಚದುರ್ತವೆ. ಏರು ಹತ್ತೋ ಕಷ್ಟ ಎಂಥಾಲ್ಪಿ, ಚದುರೋದು ಎಂಟ್ರೊಪಿ. ಬಿಸಿ ಹೆಚ್ಚಿದಷ್ಟೂ ಚದುರೋದಕ್ಕೆ ಬಲ ಜಾಸ್ತಿ. ಆ ಬಲ ಏರಿನ ಕಷ್ಟಾನ ಮೀರಿದ್ರೆ ಎರಡರ ಲೆಕ್ಕಾನೂ ಸೇರಿಸಿದ ಫ್ರೀ ಎನರ್ಜಿ ಕಮ್ಮಿಯಾಗ್ತೈತೆ, ಕ್ರಿಯೆ ತಾನಾಗೇ ನಡೀತೈತೆ. ನಮ್ಮಪ್ಪ ಬಿಸಿನೀರು ತಂದಿದ್ದಕ್ಕೇ ಸಾರ್, ಒಂದು ಕಾಳೂ ಉಳೀದಂಗೆ ಕರಗಿರೋದು.”

ಎಂಥಾಲ್ಪಿ, ಎಂಟ್ರೊಪಿ ಎರಡೂ ದೊಡ್ಡರಂಗಪ್ಪನಿಗೆ ತಿಳಿಯಲಿಲ್ಲ. ಆದರೆ ತನ್ನ ರೊಪ್ಪ, ತನ್ನ ಗುಡ್ಡ, ತನ್ನ ದಿನದಿನದ ಬೆಳಗು ಇಷ್ಟು ಜನರ ಮುಂದೆ ಮಗಳ ಬಾಯಲ್ಲಿ ಬಂದದ್ದು ಚೆನ್ನಾಗಿ ತಿಳಿಯಿತು. ತಪ್ಪು ಮಾಡಿದ ಅಪ್ಪನನ್ನು ಅವಳು ಬಿಟ್ಟುಕೊಡಲಿಲ್ಲ ಎನ್ನುವುದೂ ತಿಳಿಯಿತು. ಸರಿಯಾಗಿಯೇ ಇದ್ದ ಹೆಗಲ ಮೇಲಿನ ಟವೆಲ್ಲನ್ನು ಸುಮ್ಮನೆ ಸರಿಮಾಡಿಕೊಂಡ.

ಮೇಷ್ಟ್ರು ಅವನತ್ತ ತಿರುಗಿ ನಕ್ಕರು. “ಹೌದಾ ಯಜಮಾನ್ರೇ? ಏರು ಇದ್ದರೂ ಕುರಿಗಳು ತಾವಾಗೇ ಹತ್ತುತ್ತವಾ?”

“ಹತ್ತುತ್ತವೆ ಸಾಮಿ. ಅದ್ರಾಗೆ ಒಂದು ಮರಿ ಮಾತ್ರ ಎಲ್ಲಾದ್ಕಿಂತ ಮುಂದೆ ಹತ್ತುತ್ತೆ.” ದೊಡ್ಡರಂಗಪ್ಪ ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ. “ನಾವು ತಡಿಕೆ ತೆಗ್ದು ಪಕ್ಕಕ್ಕೆ ನಿಂತ್ಕಂಡ್ರೆ ಸಾಕು. ಅಂದಂಗೆ ಸಾಮಿ, ತುಮಕೂರು ಕಾಲೇಜಿಗೆ ಯಾವಾಗ ಸೇರಿಸ್ಕತಾರೆ, ವಸಿ ಹೇಳಿ.”